ನಮ್ಮನೆಯವರ ಹದಿನಾರು ಮೊಳ

ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದ ಹುಡುಗನನ್ನು ಒಪ್ಪಿದಳು, ನಾವೂ ಒಪ್ಪಿದೆವು. ಅಲ್ಲಿಗೆ ಎಲ್ಲ ಸಲೀಸಾಗಿತ್ತು. ಮದುವೆಗೆ ನಮ್ಮ ಕಡೆ ಗಂಡಸರೆಲ್ಲ ಕಿಲ್ಟ್ ಹಾಕುತ್ತೇವೆ, ನೀವೂ ಒಂದು ಹೊಲಿಸಿ ಅಂತ ಬೀಗರು ಅಂದದ್ದೇ ತಡ, ನಮ್ಮನೆಯವರು ಹೂಂ ಅಂದುಬಿಟ್ಟರು. ಕಿಲ್ಟ್ ಅಂದರೆ ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತುವ, ಮೊಣಕಾಲಿನ ತನಕದ ನೆರಿಗೆ ಲಂಗ. ಊರಿಂದ ತಂದ ರೇಷ್ಮೆ ಪಂಚೆ ಪೆಟ್ಟಿಗೆಯಲ್ಲೇ ಉಳಿಯಿತು.

"ಬಾಡಿಗೆಗೂ ಸಿಗುತ್ತಂತಲ್ಲ?" ಅಂದೆ.

"ಸೊಂಟದಿಂದ ಕೆಳಗಿನದ್ದನ್ನು ಯಾರಾದರೂ ಬಾಡಿಗೆಗೆ ತರ್ತಾರೇನೇ?" ಅಂದರು. ಮಾತು ಅಲ್ಲಿಗೆ ನಿಂತಿತು.

ಹೊಲಿಯುವವರು ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ಟೇಪು. ಮೊದಲು ಕೇಳಿದ್ದು ಮನೆತನದ ಹೆಸರು. ಅಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಬಣ್ಣದ ಚೌಕಳಿ ಬಟ್ಟೆ, ಅದಕ್ಕೆ ಟಾರ್ಟನ್ ಅನ್ನುತ್ತಾರೆ. ಇವರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಚನ್ನರಾಯಪಟ್ಟಣ ಅಂದರು. ಆಕೆ ಪಾಪ, ಕಂಪ್ಯೂಟರಿನಲ್ಲಿ ಹುಡುಕಿಯೂ ಹುಡುಕಿದಳು. ಕ್ಯಾಮರಾನ್ ಇದೆ, ಕ್ಯಾಂಬೆಲ್ ಇದೆ, ಕಾರ್ಮೈಕಲ್ ಇದೆ, ಚನ್ನರಾಯಪಟ್ಟಣ ಇಲ್ಲ. ಅದು ಊರಿನ ಹೆಸರು ಅಂದರೆ, ಹಾಗಾದರೆ ಆ ಊರಿನ ಸರದಾರ ಯಾರು ಅಂದಳು. ಇವರು ತಾಲ್ಲೂಕು ಪಂಚಾಯಿತಿ ಅಧ್ಯಕ್ಷರ ಹೆಸರು ನೆನಪಿಸಿಕೊಳ್ಳಲು ಶುರುಮಾಡಿದರು. ನಾನು ಕಾಲು ತುಳಿದೆ.

ಕುಲದವರಲ್ಲದಿದ್ದರೆ ಆ ಕುಲದ ಟಾರ್ಟನ್ ಹಾಕಬಾರದೇನೋ ಅನ್ನುವ ಅಂಜಿಕೆ ಇವರಿಗೆ. ಅಳಿಯ ನಕ್ಕುಬಿಟ್ಟ. ಹಾಗೆ ತಡೆಯುವ ಕಾನೂನೇ ಇಲ್ಲವಂತೆ. ಬಾಲ್ಮೊರಲ್ ಅನ್ನುವುದೊಂದು ಮಾತ್ರ ರಾಜಮನೆತನಕ್ಕೆ ಅಂತ ಬಿಟ್ಟುಕೊಡುತ್ತಾರೆ, ಅಷ್ಟೇ. ಟಾರ್ಟನ್‌ಗಳ ಸರ್ಕಾರಿ ದಾಖಲೆ ಪುಸ್ತಕ ಶುರುವಾಗಿದ್ದೇ 2009ರಲ್ಲಿ. ಅದಕ್ಕೂ ಹಿಂದಕ್ಕೆ ಹೋದರೆ ಕಥೆ ಇನ್ನೂ ಮಜವಾಗಿದೆ. 1746ರಲ್ಲಿ ಕಲೋಡನ್ ಯುದ್ಧ ಆದ ಮೇಲೆ ಹೈಲ್ಯಾಂಡ್ ಅನ್ನುವ ಅಲ್ಲಿನ ಬೆಟ್ಟದ ಸೀಮೆಯ ಗಂಡಸರು ಈ ಉಡುಪು ಹಾಕಬಾರದು ಅಂತ ಲಂಡನ್ನಿನವರು ಕಾನೂನು ಮಾಡಿದರು. ಸೈನ್ಯದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಆ ಕಾನೂನು ಹೋಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ರಾಜ ಎಡಿನ್‌ಬರೋಗೆ ಬಂದಾಗ ಬಟ್ಟೆಗೆ ನೂಕುನುಗ್ಗಲು. ಬ್ಯಾನಕ್‌ಬರ್ನ್‌ನ ವಿಲ್ಸನ್ ಮಗ್ಗದವರು ಬರೀ ನಂಬರ್ ಹಾಕಿ ಮಾರುತ್ತಿದ್ದ ಎಷ್ಟೋ ಬಟ್ಟೆಗಳಿಗೆ ಆಮೇಲೆ ಕುಲದ ಹೆಸರು ಬಂತು. ಅಂದರೆ ಅಂಗಡಿಯವರ ಕೈವಾಡ ಅಲ್ಲೂ ಜಾಸ್ತಿನೇ. ನಮ್ಮಲ್ಲಿ ಹೊಸ ಸಿನಿಮಾ ಬಂದಾಗ ಸೀರೆಗೆ ನಾಯಕಿಯ ಹೆಸರು ಇಡಲ್ವಾ!

ಆ ಜಾರ್ಜ್ ರಾಜ ದಪ್ಪ ಹೊಟ್ಟೆಯವನು. ಕಿಲ್ಟಿನ ಕೆಳಗೆ ಗುಲಾಬಿ ಬಣ್ಣದ ಬಿಗಿ ಕಾಲುಚೀಲ ಹಾಕಿದ್ದನಂತೆ. ಡೇವಿಡ್ ವಿಲ್ಕಿ ಬರೆದ ಚಿತ್ರದಲ್ಲಿ ಗುಲಾಬಿಯೂ ಇಲ್ಲ, ಹೊಟ್ಟೆಯೂ ಅಷ್ಟಿಲ್ಲ. (ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ದೇಹ ಪತ್ತೆಮಾಡಿದ ಬ್ರಿಟಿಷ್ ಸೇನಾಪತಿ ಬೇರ್ಡ್ ಸಾಹೇಬನ ಚಿತ್ರ ಬರೆದವನೂ ಇದೇ ವಿಲ್ಕಿ.) ನಮ್ಮನೆಯವರು ಆ ಚಿತ್ರವನ್ನು ಫೋನಿನಲ್ಲಿ ತುಂಬಾ ಹೊತ್ತು ನೋಡಿದರು. ಧೈರ್ಯ ಬಂದ ಹಾಗಿತ್ತು.

ಇವರು ಆರಿಸಿದ್ದು ಬ್ಲಾಕ್ ವಾಚ್ ಅನ್ನುವ ಸೈನ್ಯದ ಪಡೆಯೊಂದರ ಟಾರ್ಟನ್. ಕಡು ಹಸಿರು, ಕಡು ನೀಲಿ, ಕಪ್ಪು. ಯಾರು ಬೇಕಾದರೂ ಹಾಕಬಹುದು, ಸೈನ್ಯದ ಗತ್ತು ಬೇರೆ. ಇವರ ಕಾರಣ ಮಾತ್ರ ಒಂದೇ: "ಕೊಳೆ ಕಾಣಲ್ಲ." ರಾತ್ರಿ ಊರಿಗೆ ಫೋನ್ ಮಾಡಿ ಅತ್ತೆಗೆ ಬಟ್ಟೆಯ ಫೋಟೋ ತೋರಿಸಿದ್ದಾಯಿತು.

"ಮದುವೆಗೆ ಕಪ್ಪೇನೋ? ಹೆಣ್ಣಿನ ಅಪ್ಪ ನೀನು. ಬಿಡ್ತು ಅನ್ನು!"

ಮರುದಿನ ಮತ್ತೆ ಟೇಪಿನಮ್ಮನ ಮುಂದೆ. ಆಕೆ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಇನ್ನೊಂದು ತುಂಡು ತೆಗೆದಳು. ಗಾರ್ಡನ್ ಕುಲದ್ದು. ಹೆಚ್ಚುಕಡಿಮೆ ಅದೇ ಬ್ಲಾಕ್ ವಾಚ್, ಮೇಲೆ ಒಂದು ಹಳದಿ ಗೆರೆ, ಅಷ್ಟೇ. ಅರಿಶಿನ ಬಿತ್ತಲ್ಲ, ಅತ್ತೆ ಒಪ್ಪಿದರು. ಬಣ್ಣದ ಛಾಯೆಯಲ್ಲೂ ಮೂರ್ನಾಲ್ಕು ಬಗೆ. ಮಾಡರ್ನ್ ಅಂದರೆ ಗಾಢ. ಏನ್ಷಿಯಂಟ್ ಅಂದರೆ ತೆಳು. ವೆದರ್ಡ್ ಅಂದರೆ ಮಣ್ಣಲ್ಲಿ ಹೂತಿಟ್ಟು ತೆಗೆದ ಹಾಗೆ ಕಂದು, ಬೂದಿ. "ಹೊಸ ದುಡ್ಡು ಕೊಟ್ಟು ಬಣ್ಣ ಹೋದದ್ದು ಯಾಕೆ?" ಅಂದರು ಇವರು. ಮಾಡರ್ನೇ ಅಂತಾಯಿತು. ತೂಕ ಗಜಕ್ಕೆ 16 ಔನ್ಸಿನದು. 13 ಔನ್ಸಿನದು ಹಗುರ, ಆದರೆ ಎಡಿನ್‌ಬರೋದ ಗಾಳಿ ನೋಡಿದವರು ಯಾರೂ ಹಗುರದ ಕಿಲ್ಟ್ ಕೇಳುವುದಿಲ್ಲ.

ಬಟ್ಟೆ 8 ಗಜ ಬೇಕು ಅಂದಾಗ ಅತ್ತೆ ಲೆಕ್ಕ ಹಾಕಿದರು. "ಹದಿನಾರು ಮೊಳವೇ? ಇನ್ನೆರಡು ಮೊಳ ಹಾಕಿದ್ರೆ ನಾನು ಉಡ್ತಿದ್ದ ಸೀರೆ ಆಯ್ತು. ಕಚ್ಚೆನೇ ಹಾಕಬಹುದಿತ್ತಲ್ಲೋ!"

ಇಷ್ಟು ಹೊತ್ತು ಸುಮ್ನಿದ್ದ ನಾನು ಬಾಯಿ ತೆರೆದದ್ದು ನೆರಿಗೆಯ ವಿಷಯ ಬಂದಾಗ. ಇದು ನನ್ನ ಇಲಾಖೆ. ಕಿಲ್ಟಿನ ಮುಂದೆ ಒಂದು ನೆರಿಗೆಯೂ ಇಲ್ಲ, ಬರೀ ಚಪ್ಪಟೆ. ಎಲ್ಲ ನೆರಿಗೆಯೂ ಹಿಂದೆ. ಉಟ್ಟವನ ಕಣ್ಣಿಗೆ ಬೀಳದ, ಹಿಂದಿನ ಸಾಲಿನಲ್ಲಿ ಕೂತವರಿಗೆ ಮಾತ್ರ ಕಾಣುವ ಕಡೆ ಇಷ್ಟೊಂದು ಕೆಲಸ! ಗಂಡಸರ ಬಟ್ಟೆಯಲ್ಲಿ ಇಂಥ ಔದಾರ್ಯ ನಾನು ಬೇರೆಲ್ಲೂ ಕಂಡಿಲ್ಲ.

ನೆರಿಗೆ ಹಿಡಿಯುವುದು ಎರಡು ಥರ. ಟೇಪಿನಮ್ಮ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮಡಿಚಿ ಪಿನ್ನು ಚುಚ್ಚಿ ತೋರಿಸಿದಳು. ಒಂದರಲ್ಲಿ ಪ್ರತಿ ನೆರಿಗೆಯ ಮೇಲೆ ಚೌಕಳಿಯ ಮುಂದಿನ ತುಣುಕು ಬರುತ್ತಾ ಹೋಗುತ್ತದೆ. ಅಷ್ಟು ಬಟ್ಟೆ ಒಳಗೆ ಮಡಿಚಿ ಹೋಗಿದ್ದರೂ ಹಿಂದಿನಿಂದ ನೋಡಿದರೆ ಮಡಿಚೇ ಇಲ್ಲ ಅನ್ನಿಸುವ ಹಾಗೆ ಇಡೀ ಚೌಕಳಿ ಕೂಡಿಕೊಳ್ಳುತ್ತದೆ. ಇನ್ನೊಂದು ಸೈನ್ಯದವರ ಪದ್ಧತಿ. ಪ್ರತಿ ನೆರಿಗೆಯ ನಡುವೆಯೂ ಒಂದೇ ಗೆರೆ. ನಿಂತಾಗ ಗೆರೆಗಳ ಸಾಲು, ನಡೆದಾಗ ನೆರಿಗೆ ಬಿಚ್ಚಿ ಒಳಗಿನ ಬಣ್ಣ ಮಿಂಚುತ್ತದೆ. ಪೆಟ್ಟಿಗೆ ನೆರಿಗೆ ಅಂತ ಇನ್ನೊಂದಿದೆ, 4 ಗಜದಲ್ಲೇ ಮುಗಿಯುತ್ತದೆ. ಅರ್ಧ ಬಟ್ಟೆ ಅಂದಕೂಡಲೇ ಇವರ ಕಣ್ಣು ಅರಳಿತು. ನಾನು ನೋಡಿದ ನೋಟಕ್ಕೆ ಮುದುಡಿತು.

"ಹಳದಿ ಗೆರೆಗೇ ಹಿಡೀರಿ" ಅಂದೆ. ಗಾರ್ಡನ್ ರೆಜಿಮೆಂಟಿನವರದೂ ಹಾಗೇ ಇತ್ತು ಅಂತ ಆಕೆ ತಲೆ ಆಡಿಸಿದಳು. ಒಂದೊಂದು ನೆರಿಗೆಯೂ ಸೊಂಟದ ಕಡೆ ಸಣ್ಣಗಾಗುತ್ತಾ ಹೋಗಬೇಕು, ಕೈಹೊಲಿಗೆಯಲ್ಲೇ. ನಮ್ಮ ಕುಚ್ಚು ಕಟ್ಟುವವರಿಗೆ ಇರುವ ತಾಳ್ಮೆ ಅದು.

ಅಳತೆ ಕೊಡುವಾಗ ನಮ್ಮನೆಯವರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡರು. ಆಕೆ ಟೇಪು ಹಿಡಿದು ಸುಮ್ಮನೆ ಕಾದಳು. ಉಸಿರು ಎಷ್ಟು ಹೊತ್ತು ತಾನೇ ನಿಲ್ಲುತ್ತದೆ? ಆಮೇಲೆ ಬಂದ ಅಳತೆ ಬರೆದುಕೊಂಡಳು. ಪಂಚೆಯನ್ನು ಹೊಟ್ಟೆಯ ಕೆಳಗೆ ಕಟ್ಟಿ ರೂಢಿ ಇವರಿಗೆ. ಇದು ಹೊಕ್ಕುಳ ಹತ್ತಿರ ಕೂರಬೇಕು, ಅಂಚು ಮೊಣಕಾಲು ಚಿಪ್ಪಿನ ನಡುವಿಗೆ ಬರಬೇಕು. ಆಕೆ ಏರಿಸುವುದು, ಇವರು ಇಳಿಸುವುದು ಸ್ವಲ್ಪ ಹೊತ್ತು ನಡೆಯಿತು.

ಮದುವೆ ದಿನ ಎರಡು ಸಲ ನನ್ನ ಎದೆ ಝಲ್ಲೆಂದಿತು. ಮೊದಲನೆಯದು ಮೆಟ್ಟಿಲಲ್ಲಿ. ಮೆಟ್ಟಿಲು ಕಂಡದ್ದೇ ಇವರ ಎರಡೂ ಕೈ ತಾವಾಗಿ ಕೆಳಗಂಚಿಗೆ ಹೋದವು, ಪಂಚೆ ಎತ್ತಿ ಕಟ್ಟುವ ಹಾಗೆ. "ರೀ, ಅದು ಇನ್ನು ಮೇಲಕ್ಕೆ ಹೋಗೋದಲ್ಲ!" ಅಂತ ಕೂಗಿದೆ. ಕನ್ನಡ ಬಾರದವರೂ ತಿರುಗಿ ನೋಡಿದರು.

ಎರಡನೆಯದು ಛತ್ರದ ಬಾಗಿಲಲ್ಲಿ. ನನ್ನದೊಂದೂ ನೆರಿಗೆ ಅಲ್ಲಾಡ್ತಿಲ್ಲ ನೋಡು, ಏನು ಹೊಲಿಗೆ ಅಂತ ಇವರು ಬೀಗುತ್ತಿದ್ದರು. ಅಲ್ಲಾಡುವುದೆಲ್ಲಿಂದ? ಹೊಸ ಕಿಲ್ಟಿನ ನೆರಿಗೆ ಕೆಡದಿರಲಿ ಅಂತ ಹಾಕಿದ ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಇತ್ತು. ಉಡುವ ಮೊದಲು ಬಿಚ್ಚಬೇಕಾದದ್ದು. ಪರ್ಸಿನಿಂದ ಪುಟ್ಟ ಕತ್ತರಿ ತೆಗೆದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇವರನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಮಂಡಿಯೂರಿ ದಾರ ಎಳೆಯುತ್ತಾ ಕೂತೆ. ದಾರ ಬಂದ ಹಾಗೆ ಹಳದಿ ಗೆರೆಗಳು ಒಂದೊಂದಾಗಿ ಬಿಟ್ಟುಕೊಂಡವು.

ಅರ್ಧ ಆಗಿರಬಹುದು, ಬೀಗರ ತಮ್ಮ ಬಂದರು. ಅವರದೂ ಹೊಸ ಕಿಲ್ಟೇ. ಒಂದು ಕ್ಷಣ ನೋಡಿದರು, ಏನೂ ಹೇಳಲಿಲ್ಲ, ನಮ್ಮನೆಯವರ ಪಕ್ಕದಲ್ಲಿ ತಾವೂ ಗೋಡೆಗೆ ಮುಖ ಮಾಡಿ ನಿಂತುಕೊಂಡರು.