ಕೊಲರಾಡೊದ ಕ್ಷಯರೋಗಿ ವರನೂ ನಮ್ಮ ಕಡೆಯ ಸಂಬಂಧಗಳೂ

1850ರಲ್ಲಿ ಅಮೆರಿಕದ ಕಾಂಗ್ರೆಸ್ಸು ಆರೆಗಾನ್ ಪ್ರಾಂತ್ಯಕ್ಕೆಂದು ಭೂಮಿ ಹಂಚಿಕೆಯ ಒಂದು ಕಾಯ್ದೆಯನ್ನು ತಂದಿತು. ಅಲ್ಲಿ ಆಗಲೇ ನೆಲೆಸಿದ್ದ ಬಿಳಿಯ ಗಂಡಸು ಒಂಟಿಯಾಗಿದ್ದರೆ ಅವನಿಗೆ 320 ಎಕರೆ ಸಿಗುತ್ತಿತ್ತು. ಮದುವೆಯಾಗಿದ್ದರೆ ದಂಪತಿಗೆ 640 ಎಕರೆ, ಅದರಲ್ಲಿ ಅರ್ಧ ಹೆಂಡತಿಯ ಸ್ವಂತ ಹೆಸರಿಗೆ. ಒಂಟಿಯಾಗಿದ್ದವರು 1851ರ ಡಿಸೆಂಬರ್ 1ರೊಳಗೆ ಮದುವೆಯಾದರೂ ಸಾಕು, ಇಮ್ಮಡಿ ಭೂಮಿ ಅವರದಾಗುತ್ತಿತ್ತು. ಸರ್ಕಾರವೇ ಹೀಗೆ ಗಡುವು ಹಾಕಿದ ಮೇಲೆ ಹೆಣ್ಣು ಹುಡುಕುವ ಆತುರ ಎಷ್ಟಿದ್ದಿರಬಹುದು! ಇನ್ನೂ ಬಾಲೆಯರಾಗಿದ್ದವರನ್ನು ಕೂಡ ಎಕರೆಯ ಆಸೆಗೆ ಮದುವೆ ಮಾಡಿಕೊಂಡ ಪ್ರಕರಣಗಳು ಚರಿತ್ರೆಯಲ್ಲಿ ದಾಖಲಾಗಿವೆ. ಅಮೆರಿಕದ ಪಶ್ಚಿಮ ಸೀಮೆಯನ್ನು ಕುರಿತ ಪ್ರೇಮಕಾದಂಬರಿಗಳಲ್ಲಿ ಅನುಕೂಲಕ್ಕಾಗಿ ಮಾಡಿಕೊಂಡ ಮದುವೆಯ ಕಥೆ ಮತ್ತೆ ಮತ್ತೆ ಬರುವುದಕ್ಕೆ ಲೇಖಕರ ಕಲ್ಪನೆಯ ಬಡತನವಷ್ಟೇ ಕಾರಣವಲ್ಲ, ಆ ಸೀಮೆಯ ಕಾನೂನೇ ಅಂಥ ಮದುವೆಗಳನ್ನು ಹುಟ್ಟಿಸುತ್ತಿತ್ತು.

ಕೊಲರಾಡೊದಲ್ಲಿ ಬದುಕು ಕಟ್ಟಿಕೊಂಡಿರುವ ನನಗೆ ಈ ಕಾದಂಬರಿಗಳ ಪರಿಚಯವಾದದ್ದು ಇಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ. ಮುಖಪುಟದಲ್ಲಿ ಅಗಲ ಅಂಚಿನ ಟೊಪ್ಪಿಗೆಯ ಗಂಡಸು, ಗಾಳಿಗೆ ಹಾರುವ ಲಂಗದ ಹೆಂಗಸು, ಹಿಂದೆ ಹಿಮದ ಬೆಟ್ಟ ಇರುವ ಪುಸ್ತಕಗಳಿಗೆ ಅಲ್ಲಿ ಉದ್ದನೆಯ ಕಪಾಟೇ ಇದೆ. ಅವುಗಳಲ್ಲಿ ಒಂದು ಒಳಪಂಗಡ ನನ್ನನ್ನು ವಿಶೇಷವಾಗಿ ಹಿಡಿದಿಟ್ಟಿತು. ಗಂಡಿಗೆ ಕ್ಷಯ, ಭೂಮಿಯಿದೆ, ಆಯಸ್ಸಿನ ಭರವಸೆಯಿಲ್ಲ. ಹೆಣ್ಣಿಗೆ ಆರೋಗ್ಯವಿದೆ, ನೆಲೆಯಿಲ್ಲ. ಇಬ್ಬರೂ ಲೆಕ್ಕ ಹಾಕಿ ಮದುವೆಯಾಗುತ್ತಾರೆ. ಇಲ್ಲಿಯ ನನ್ನ ಸ್ನೇಹಿತೆಯರು ಇಂಥ ಕಥೆಯನ್ನು ಓದುವುದು ಲೆಕ್ಕಾಚಾರದಲ್ಲಿ ಶುರುವಾದದ್ದು ಯಾವ ಪುಟದಲ್ಲಿ ಪ್ರೀತಿಯಾಗುತ್ತದೆ ಎಂದು ಕಾಯುವುದಕ್ಕಾಗಿ. ಮೊದಲು ಮದುವೆ, ಆಮೇಲೆ ಒಲವು ಎಂಬ ಕ್ರಮ ಅವರಿಗೆ ರೋಮಾಂಚನ ತರುತ್ತದೆ. ನಮ್ಮ ಅಜ್ಜಿ, ಅಮ್ಮಂದಿರ ಕಾಲದ ಯಾವ ಮದುವೆಯನ್ನು ತೆಗೆದುಕೊಂಡರೂ ಅದೇ ಕ್ರಮವಾದ್ದರಿಂದ ಕನ್ನಡದ ಓದುಗರಿಗೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಕಾಣುವುದಿಲ್ಲ. ನನಗೆ ಅಚ್ಚರಿಯಾಗಿ ಕಂಡದ್ದು ಬೇರೆಯೇ ಒಂದು ಸಂಗತಿ: ಈ ಕಥೆಗಳಲ್ಲಿ ವರನು ತನಗೆ ರೋಗವಿದೆ ಎಂಬುದನ್ನು ಮದುವೆಗೆ ಮುಂಚೆ, ಬಾಯಿಬಿಟ್ಟು, ವಧುವಿನೆದುರೇ ಹೇಳುತ್ತಾನೆ.

ಹಾಗೆ ಹೇಳುವುದರಲ್ಲಿ ಅವನಿಗೂ ಲಾಭವಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಸಣ್ಣ ಶುಲ್ಕ ಕಟ್ಟಿ 160 ಎಕರೆಗೆ ಹೆಸರು ಬರೆಸಿದವನು ಅಲ್ಲಿಯೇ ಮನೆ ಕಟ್ಟಿ, ಐದು ವರ್ಷ ವಾಸವಿದ್ದು, ಉತ್ತು ಬಿತ್ತಿ, ಇಬ್ಬರು ಸಾಕ್ಷಿಗಳನ್ನು ಕರೆತಂದು ಅದನ್ನೆಲ್ಲ ರುಜುವಾತು ಮಾಡಿದರೆ ಮಾತ್ರ ಹಕ್ಕುಪತ್ರ ಕೈಗೆ ಬರುತ್ತಿತ್ತು. ಸಾಗುವಳಿ ಚೀಟಿಗಾಗಿ ತಾಲ್ಲೂಕು ಕಚೇರಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದು ವರ್ಷ ಪೂರೈಸುವ ಮೊದಲೇ ಆತ ಸತ್ತರೆ? ಆಗ ಅವನ ವಿಧವೆ ಉಳಿದ ಅವಧಿಯನ್ನು ಪೂರೈಸಿ ಭೂಮಿಯನ್ನು ತನ್ನದಾಗಿಸಿಕೊಳ್ಳಬಹುದೆಂದು ಕಾಯ್ದೆಯಲ್ಲಿಯೇ ಬರೆದಿತ್ತು. ಕೆಮ್ಮುವ ಗಂಡಸಿಗೆ ನೇಗಿಲು ಹಿಡಿಯುವ, ಗಂಜಿ ಕಾಯಿಸುವ ಕೈ ಬೇಕಿತ್ತು. ನೆಲೆಯಿಲ್ಲದ ಹೆಣ್ಣಿಗೆ ಅವನ ಸಾವು ಕೂಡ ಆಸ್ತಿಯ ದಾರಿಯಾಗಿತ್ತು. ಕೇಳಲು ಕ್ರೂರವಾದರೂ ಈ ಒಪ್ಪಂದದಲ್ಲಿ ಮುಚ್ಚುಮರೆಯಿಲ್ಲ, ರೋಗವೂ ಅದರ ಒಂದು ಷರತ್ತಾಗಿಯೇ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹೆಚ್ಚಿನ ಕಾದಂಬರಿಗಳು ಎಡವುತ್ತವೆ. ಒಂಟಿ ಹೆಣ್ಣಿಗೆ ಮದುವೆಯ ಹೊರತು ಬೇರೆ ಗತಿಯೇ ಇರಲಿಲ್ಲ ಎಂದು ಅವು ಬರೆಯುತ್ತವೆ. ಆದರೆ 21 ತುಂಬಿದ ಅವಿವಾಹಿತೆ, ವಿಧವೆ, ವಿಚ್ಛೇದಿತೆ ಎಲ್ಲರೂ ಅದೇ ಕಾಯ್ದೆಯಡಿ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಸಾಮಾನ್ಯವಾಗಿ ಹಾಕುವಂತಿಲ್ಲದಿದ್ದುದು ಗಂಡನೊಡನಿರುವ ಹೆಂಗಸು. ಎಲಿನೋರ್ ಪ್ರುಯಿಟ್ ಎಂಬಾಕೆ ಪುಟ್ಟ ಮಗಳನ್ನು ಕಟ್ಟಿಕೊಂಡು 1909ರಲ್ಲಿ ಡೆನ್ವರಿನಿಂದ ವಯೋಮಿಂಗ್‌ಗೆ ಕ್ಲೈಡ್ ಸ್ಟೀವರ್ಟ್ ಎಂಬ ರೈತನ ಮನೆಗೆಲಸಕ್ಕೆ ಬಂದಳು. ಅವನ ಜಮೀನಿಗೆ ಹೊಂದಿಕೊಂಡಂತೆಯೇ ತನ್ನ ಹೆಸರಿಗೆ ಭೂಮಿ ಬರೆಸಿದಳು. ಬಂದ ಕೆಲವೇ ವಾರಗಳಲ್ಲಿ ಅವನನ್ನು ಮದುವೆಯಾದಳು. ಆಮೇಲೆ ಆ ಮದುವೆಯೇ ಹಕ್ಕಿಗೆ ತೊಡಕಾಗಿ, 1912ರಲ್ಲಿ ಆ ಭೂಮಿಯನ್ನು ಅವಳು ಅತ್ತೆಗೆ ಬಿಟ್ಟುಕೊಡಬೇಕಾಯಿತು. ಇಲ್ಲಿ ಮದುವೆಯ ಅನುಕೂಲ ಯಾರಿಗಾಯಿತೆಂದು ಓದುಗರೇ ಯೋಚಿಸಲಿ. ಇನ್ನು ಈ 160, 320 ಎಕರೆಗಳೆಲ್ಲ ಬರಿದಾಗಿ ಬಿದ್ದಿದ್ದವೆಂಬಂತೆ ಬರೆಯುವ ರೂಢಿಯಂತೂ ಸುಳ್ಳೇ ಸರಿ. ಕೊಲರಾಡೊದ ಪಶ್ಚಿಮ ಭಾಗದಿಂದ ಅಲ್ಲಿಯ ಮೂಲನಿವಾಸಿಗಳಾದ ಯೂಟ್ ಜನರನ್ನು ಹೊರದಬ್ಬಿದ್ದು 1881ರಲ್ಲಿ.

ಕ್ಷಯ ಈ ಕಥೆಗಳಿಗೆ ಬಂದದ್ದು ಸುಮ್ಮನಲ್ಲ. ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರದಲ್ಲಿರುವ ಕೊಲರಾಡೊ ಸ್ಪ್ರಿಂಗ್ಸ್ 1871ರಲ್ಲಿ ಹುಟ್ಟಿದ ಊರು. ಒಣಹವೆ, ಬಿಸಿಲುಗಳ ಹೆಸರಿನಲ್ಲಿ ಅದು ಪೂರ್ವದ ನಗರಗಳ ರೋಗಿಗಳನ್ನು ಕೈಬೀಸಿ ಕರೆಯಿತು. ಅಲ್ಲಿಯ ವೈದ್ಯ ಗಾರ್ಡಿನರ್ ರೋಗಿಗಳಿಗಾಗಿ ಎಂಟು ಮೂಲೆಯ ಡೇರೆಯೊಂದನ್ನು ರೂಪಿಸಿದರು. ಕೆಳಗಿನಿಂದ ಗಾಳಿ ಒಳನುಗ್ಗಿ ಮೇಲಿನ ಕಿಂಡಿಯಿಂದ ಹೊರಹೋಗಬೇಕು. ಒಳಗೆ ಒಂದು ಮಂಚ, ಒಂದು ಒಲೆ, ಒಂದು ಕುರ್ಚಿ. ಅದೇ ಮಾದರಿಯ ಕೆಲವು ಗುಡಿಸಲುಗಳು ಇಂದಿಗೂ ಆ ಊರಿನಲ್ಲಿವೆ. ಹಳೆಯ ಮನೆಗಳಲ್ಲಿ ಮಲಗುವುದಕ್ಕೆಂದೇ ಕಟ್ಟಿಸಿದ ಜಾಲರಿಯ ವರಾಂಡಗಳನ್ನು ಈಗಲೂ ನೋಡಬಹುದು. ಹಿಮ ಬೀಳುವ ಜನವರಿಯಲ್ಲಿಯೂ ರೋಗಿ ಕಂಬಳಿ ಹೊದ್ದು ಅಲ್ಲಿಯೇ ಮಲಗಬೇಕಿತ್ತು. ಪಶ್ಚಿಮ ಸೀಮೆಯ ಕ್ಷಯರೋಗಿಗಳಲ್ಲಿ ಅತ್ಯಂತ ಪ್ರಸಿದ್ಧನಾದ ಡಾಕ್ ಹಾಲಿಡೆ ಎಂಬ ದಂತವೈದ್ಯ, ಜೂಜುಕೋರ, ಬಂದೂಕುಗಾರ 1887ರಲ್ಲಿ ತನ್ನ 36ನೆಯ ವಯಸ್ಸಿನಲ್ಲಿ ಸತ್ತದ್ದು ಇದೇ ರಾಜ್ಯದ ಗ್ಲೆನ್‌ವುಡ್ ಸ್ಪ್ರಿಂಗ್ಸಿನಲ್ಲಿ. ಕೆಮ್ಮುತ್ತಲೇ ಗುಂಡು ಹಾರಿಸುವ ನಾಯಕರೆಲ್ಲರಲ್ಲಿಯೂ ಅವನ ನೆರಳಿದೆ.

ಕಥೆ ನಡೆಯುವ ಕಾಲ 1882ಕ್ಕೆ ಹಿಂದಿನದೋ ಮುಂದಿನದೋ ಎಂಬುದನ್ನು ನಾನು ತಪ್ಪದೆ ನೋಡುತ್ತೇನೆ. ಆ ವರ್ಷದ ಮಾರ್ಚ್ 24ರಂದು ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಬರ್ಲಿನ್ನಿನಲ್ಲಿ ತೋರಿಸಿಕೊಟ್ಟ. ಅದಕ್ಕೆ ಮುಂಚೆ ಇದನ್ನು ವಂಶದ ದೋಷವೆಂದೇ ಬಹುಪಾಲು ಜನ ನಂಬಿದ್ದರಿಂದ ಹೆಂಡತಿಯ ಹೆದರಿಕೆ ಹುಟ್ಟುವ ಮಕ್ಕಳ ಕುರಿತದ್ದಾಗಿತ್ತು; ಆಮೇಲೆ ಅದು ಅವನ ಲೋಟದ, ಹಾಸಿಗೆಯ, ಮುತ್ತಿನ ಕುರಿತ ಹೆದರಿಕೆಯಾಯಿತು. ವಾಷಿಂಗ್ಟನ್ ರಾಜ್ಯವಂತೂ 1909ರಲ್ಲಿ ಕ್ಷಯ ಬಲಿತವರು ಮದುವೆಯಾಗುವುದನ್ನೇ ಕಾನೂನಿನಿಂದ ನಿಷೇಧಿಸಿತು. ಒಳ್ಳೆಯ ಲೇಖಕಿಯರು ಈ ವ್ಯತ್ಯಾಸವನ್ನು ಬಲ್ಲರು. ಉಳಿದವರ ಪುಸ್ತಕದಲ್ಲಿ 1870ರ ಹೆಂಡತಿಯೂ ಗಂಡನ ಬಟ್ಟಲನ್ನು ಕ್ರಿಮಿಯ ಭಯದಿಂದ ಕುದಿಸುತ್ತಾಳೆ.

ಈಗ ನಮ್ಮ ಕಡೆಗೆ ಬರುತ್ತೇನೆ. ನನ್ನ ಅಜ್ಜಿಯ ತಂಗಿಯನ್ನು ಹಾಸನ ಸೀಮೆಯ ಒಂದು ಅನುಕೂಲಸ್ಥ ಮನೆಗೆ ಕೊಟ್ಟಿದ್ದರು. ಜಾತಕ ಕೂಡಿಬಂದಿತ್ತು, ಗೋತ್ರ ಬೇರೆಯಾಗಿತ್ತು, ಗದ್ದೆ, ತೋಟಗಳನ್ನು ಹಿರಿಯರು ಹೋಗಿ ಕಣ್ಣಾರೆ ನೋಡಿಬಂದಿದ್ದರು. ಹುಡುಗನಿಗೆ ಬಹುದಿನದಿಂದ ಸಂಜೆಯಾದರೆ ಜ್ವರ ಏರುತ್ತಿತ್ತು ಎಂಬುದು ಮದುವೆಯ ಚಪ್ಪರದಲ್ಲಿ ಗಂಡಿನ ಕಡೆಯವರಿಗೆ ಮಾತ್ರ ಗೊತ್ತಿತ್ತು. “ಕೇಳಿದ್ದರೆ ಹೇಳುತ್ತಿದ್ದರೋ ಏನೋ, ಆದರೆ ಹಾಗೆ ಕೇಳುವುದು ಮರ್ಯಾದೆಯಲ್ಲ ಅಂತಿದ್ದ ಕಾಲ ಕಣಪ್ಪಾ” ಎಂದು ನನ್ನ ಅಜ್ಜಿ ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅಲ್ಲಿಯೂ ಲೆಕ್ಕಾಚಾರವಿತ್ತು, ಅದೂ ಅನುಕೂಲದ ಮದುವೆಯೇ. ಆದರೆ ಲೆಕ್ಕ ಹಾಕಿದವರು ಎರಡು ಮನೆಯ ಹಿರಿಯರು, ಮತ್ತು ಅತಿ ಮುಖ್ಯವಾದ ಅಂಕಿಯನ್ನು ಒಂದು ಮನೆಯವರು ಬಚ್ಚಿಟ್ಟಿದ್ದರು. ಇಂದಿಗೂ ನಮ್ಮವರ ನಡುವೆ ಓಡಾಡುವ ಬಯೋಡೇಟಾಗಳಲ್ಲಿ ಸಂಬಳಕ್ಕೆ, ಎತ್ತರಕ್ಕೆ, ಈ ದೇಶದಲ್ಲಿರುವವರಾದರೆ ವೀಸಾಕ್ಕೆ ಕೂಡ ಒಂದೊಂದು ಸಾಲಿರುತ್ತದೆ. ಆರೋಗ್ಯಕ್ಕೆ ಸಾಲಿರುವ ಬಯೋಡೇಟಾವನ್ನು ನಾನು ಕಂಡಿಲ್ಲ.

ಹಾಗೆಂದು ನಮ್ಮ ರೀತಿಯನ್ನು ಬರೀ ಕಪಟವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಚಿಕ್ಕಜ್ಜಿಯ ಗಂಡನಿಗೆ ಜಗುಲಿಯ ಪಕ್ಕದ ಕೋಣೆಯನ್ನು ಬಿಟ್ಟುಕೊಟ್ಟರು. ತಟ್ಟೆ, ಚೊಂಬು ಬೇರೆಯಾದವು. ಉಗುಳುವ ಪಾತ್ರೆಗೆ ಬೂದಿ ಹಾಕಿಟ್ಟು, ದಿನವೂ ಅದನ್ನು ತೋಟದ ಮೂಲೆಯಲ್ಲಿ ಹೂಳುವ ಕೆಲಸ ಮೈದುನನದಾಯಿತು. ಆಡುಸೋಗೆಯ ಕಷಾಯವನ್ನು ಓರಗಿತ್ತಿ ಕಾಯಿಸುತ್ತಿದ್ದಳು. ರಾತ್ರಿ ಎದ್ದು ಕೂರುವ ಸರದಿಯನ್ನು ಅತ್ತೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲವಂತೆ. ಪಶ್ಚಿಮದ ಕಾದಂಬರಿಯಲ್ಲಿ ಈ ಕೆಲಸವನ್ನೆಲ್ಲ ಒಬ್ಬಳೇ ಮಾಡುತ್ತಾಳೆ, ಅತ್ಯಂತ ಸಮೀಪದ ನೆರೆಮನೆ ಹಲವು ಮೈಲಿ ದೂರ. ಅಲ್ಲಿ ಒಂಟಿತನ ಪ್ರೀತಿಗೆ ಹಿನ್ನೆಲೆಯಾಗಿ ಒದಗುತ್ತದೆ. ರೋಗಿಯ ಆರೈಕೆ ಮಾಡಿ ಗೊತ್ತಿರುವವರಿಗೆ ಅದು ಎರಡು ಜೀವಗಳ ದಣಿವಾಗಿ ಕಾಣುತ್ತದೆ. ಅದೇನೇ ಇರಲಿ, ಆಸ್ತಿಯ ಮಾತು ಬಂದಾಗ ತಕ್ಕಡಿ ಪಶ್ಚಿಮದ ಕಡೆಗೇ ವಾಲುತ್ತದೆ: ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಯರಿಗೂ ಪಾಲು ಕೊಡಿಸಿದ ಕಾಯ್ದೆ ಮೈಸೂರು ಸಂಸ್ಥಾನದಲ್ಲಿ ಬಂದದ್ದು 1933ರಲ್ಲಿ. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ರೋಗಿಯ ಹೆಂಡತಿಗೆ ಉಳಿಯುತ್ತಿದ್ದುದು ಊಟ, ಬಟ್ಟೆ ಮತ್ತು ಅಡುಗೆಮನೆ.

ಎರಡು ಲೋಕಗಳೂ ಒಂದೇ ರೀತಿ ನಡೆದುಕೊಂಡ ಒಂದು ಪ್ರಸಂಗ ಕೊಲರಾಡೊ ಸ್ಪ್ರಿಂಗ್ಸಿನಲ್ಲಿಯೇ ನಡೆದಿದೆ. ಹೆಲೆನ್ ಹಂಟ್ ಎಂಬ ಲೇಖಕಿ, ವಿಧವೆ, 1873ರಲ್ಲಿ ಆರೋಗ್ಯಕ್ಕಾಗಿ ಆ ಊರಿಗೆ ಬಂದು 1875ರಲ್ಲಿ ವಿಲಿಯಂ ಜಾಕ್ಸನ್ ಎಂಬ ರೈಲ್ವೆ ಉದ್ಯಮಿಯನ್ನು ಮದುವೆಯಾದಳು. 1885ರಲ್ಲಿ ಕ್ಯಾನ್ಸರಿನಿಂದ ಸಾಯುವ ಮುನ್ನ, ತನ್ನ ತಂಗಿಯ ಮಗಳನ್ನು ಮದುವೆಯಾಗುವಂತೆ ಅವಳೇ ಗಂಡನಿಗೆ ಸೂಚಿಸಿದಳು; ಅವನು 1888ರಲ್ಲಿ ಹಾಗೆಯೇ ಮಾಡಿದ. ಇಲ್ಲಿಯವರು ಇದನ್ನು ವಿಚಿತ್ರವೆಂಬಂತೆ ಹೇಳಿಕೊಳ್ಳುತ್ತಾರೆ. ಹೆಂಡತಿ ತೀರಿಕೊಂಡರೆ ಅವಳ ತವರಿನಿಂದಲೇ ಮತ್ತೊಬ್ಬ ಹೆಣ್ಣನ್ನು ತಂದ ಮನೆಗಳನ್ನು ಕಂಡಿರುವ ನಮಗೆ ಇದರಲ್ಲಿ ವಿಚಿತ್ರವೇನಿದೆ?

ಇನ್ನು ನನ್ನ ಮುಖ್ಯ ತಕರಾರು. ಈ ಕಾದಂಬರಿಗಳಲ್ಲಿ ಕ್ಷಯಕ್ಕೆ ಎರಡೇ ಅಂತ್ಯ. ಬೆಟ್ಟದ ಗಾಳಿಯಿಂದ, ಹೆಂಡತಿಯ ಒಲವಿನಿಂದ ಅವನು ಪೂರ್ತಿ ಗುಣವಾಗುತ್ತಾನೆ. ಇಲ್ಲವೇ ಸರಿಯಾದ ಹೊತ್ತಿಗೆ ಸತ್ತು, ಹೆಣ್ಣಿಗೆ ಭೂಮಿಯನ್ನೂ ಇನ್ನೊಬ್ಬ ಗಟ್ಟಿಮುಟ್ಟಾದ ವರನನ್ನೂ ಬಿಟ್ಟುಹೋಗುತ್ತಾನೆ. ಕ್ಷಯವನ್ನು ನಿಜವಾಗಿ ಹಿಡಿತಕ್ಕೆ ತಂದ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಔಷಧವಿಲ್ಲದೆ ಈ ರೋಗ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಜಗತ್ತು ಇಂದಿಗೂ ಉಲ್ಲೇಖಿಸುವ ಅಧ್ಯಯನಗಳಲ್ಲಿ ಒಂದು ನಮ್ಮ ಬೆಂಗಳೂರಿನದು. 1959ರಲ್ಲಿ ಸ್ಥಾಪನೆಯಾದ ಅಲ್ಲಿಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದಲ್ಲಿ ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಐದು ವರ್ಷ ಗಮನಿಸಿದಾಗ, ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು, ಮೂರರಲ್ಲೊಂದು ಭಾಗ ತಾವಾಗಿಯೇ ಗುಣವಾಗಿದ್ದರು, ಉಳಿದ ಸುಮಾರು ನೂರಕ್ಕೆ 18 ಮಂದಿ ಕಫದಲ್ಲಿ ಕ್ರಿಮಿಯನ್ನಿಟ್ಟುಕೊಂಡೇ ಬದುಕಿದ್ದರು. ಎಂದರೆ ಕಾದಂಬರಿಯ ಎರಡೂ ಅಂತ್ಯಗಳು ಅಸಂಭವವೇನಲ್ಲ. ಆದರೆ ಮೂರನೆಯ ಗುಂಪಿನವರು ಅಲ್ಲಿ ಪೂರ್ತಿ ಮಾಯವಾಗಿದ್ದಾರೆ.

ನನ್ನ ಚಿಕ್ಕಜ್ಜಿಯ ಗಂಡ ಆ ಮೂರನೆಯ ಗುಂಪಿನವರು. ಸಾಯಲಿಲ್ಲ, ಗುಣವೂ ಆಗಲಿಲ್ಲ. ಮಳೆಗಾಲದಲ್ಲಿ ಮಲಗಿ, ಬೇಸಗೆಯಲ್ಲಿ ಎದ್ದು ತೋಟ ಸುತ್ತಿ, ಬಹಳ ವರ್ಷ ಬದುಕಿದರು. ರಾಜಮನೆತನದ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದ ಮೇಲೆ ಅವರ ನೆನಪಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕಟ್ಟಿಸಿದ ಸ್ಯಾನಟೋರಿಯಂಗೆ ಒಮ್ಮೆ ಹೋಗಿಬಂದರಂತೆ, ಆದರೆ ಅಲ್ಲಿ ನಿಲ್ಲಲಿಲ್ಲ. ಮನೆಯಲ್ಲಿಯೇ ಇದ್ದು ಔಷಧ ತೆಗೆದುಕೊಂಡರೂ ಸ್ಯಾನಟೋರಿಯಂನಷ್ಟೇ ಗುಣ ಸಿಗುತ್ತದೆ, ಮನೆಯವರಿಗೆ ಹೆಚ್ಚಿನ ಅಪಾಯವೂ ಆಗುವುದಿಲ್ಲ ಎಂದು 1950ರ ದಶಕದ ಕೊನೆಯಲ್ಲಿ ಮದರಾಸಿನ ಪ್ರಯೋಗ ತೋರಿಸಿಕೊಟ್ಟು ಜಗತ್ತಿನ ಪದ್ಧತಿಯನ್ನೇ ಬದಲಿಸಿತು. ಅಷ್ಟರಲ್ಲಿ ಅವರ ಕಾಲ ಮುಗಿದಿತ್ತು.

ಇಂಥ ಗಂಡನನ್ನು ಪಶ್ಚಿಮದ ಕಾದಂಬರಿಯೊಳಗೆ ತಂದಿಟ್ಟರೆ ಏನಾಗುತ್ತದೆ ಎಂಬುದನ್ನು ಓದುವ ಆಸೆ ನನಗೆ. ಐದು ವರ್ಷ ಮುಗಿದು ಹಕ್ಕುಪತ್ರ ಬಂದಿದೆ, ಸಾಕ್ಷಿಗಳು ರುಜು ಹಾಕಿ ಹೋಗಿದ್ದಾರೆ. ಅವನ ಹೆಸರಿಗೆ ಭೂಮಿಯಾಗಿದೆ, ಅವನು ಜಾಲರಿಯ ವರಾಂಡದಲ್ಲಿ ಇನ್ನೂ ಕೆಮ್ಮುತ್ತಿದ್ದಾನೆ, ವಿಧವೆಯಾದರೆ ಏನು ಸಿಗುತ್ತದೆಂದು ಲೆಕ್ಕ ಹಾಕಿ ಬಂದ ಹೆಣ್ಣು ಹೆಂಡತಿಯಾಗಿಯೇ ಉಳಿದಿದ್ದಾಳೆ. ಆರನೆಯ ವರ್ಷಕ್ಕೆ ಅವರ ಒಪ್ಪಂದದಲ್ಲಿ ಯಾವ ಷರತ್ತೂ ಇಲ್ಲ. ಅಲ್ಲಿಂದಾಚೆಗೆ ಅವಳು ಆ ಗುಡಿಸಲಿನಲ್ಲಿ ಯಾವ ಕಾರಣಕ್ಕೆ ಉಳಿಯುತ್ತಾಳೆ, ಅಥವಾ ಯಾವ ಬೆಳಿಗ್ಗೆ ಕುದುರೆ ಕಟ್ಟಿಸಿಕೊಂಡು ಹೊರಡುತ್ತಾಳೆ ಎಂಬುದನ್ನು ಈ ಪ್ರಕಾರದ ಲೇಖಕಿಯರು ಬರೆಯಲಿ.