ಬ್ಲೂಟೂತ್‌ನ್ಯಾಗ ಬಿಡ್ರಿ ಸರ!

ಪೇಪರ್‌ಲೆಸ್ ಆಫೀಸು, ಪೇಪರ್‌ಲೆಸ್ ಆಫೀಸು ಅಂತ ಪೇಪರಿನಲ್ಲೇ ಓದಿ ಸಾಕಾಗಿತ್ತು. ಮೊನ್ನೆ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕಣ್ಣಾರೆ ನೋಡಿದೆ. ಯಾವ ಕಚೇರಿ ಅಂತ ಕೇಳಬೇಡಿ, ನನ್ನ ಫೈಲು ಇನ್ನೂ ಅಲ್ಲೇ ಇದೆ.

ಗುಮಾಸ್ತರಿಗೆ ಆದಾಯ ಪ್ರಮಾಣಪತ್ರದ ಜೆರಾಕ್ಸ್ ಚಾಚಿದೆ. ‘ಪೇಪರ್ ತಗೊಳ್ಳಂಗಿಲ್ರಿ, ಸಾಫ್ಟ್ ಕಾಪಿ ಕೊಡ್ರಿ.’ ಮೇಲ್ ಮಾಡ್ಲಾ? ನೆಟ್ ಇಲ್ಲ. ಪೆನ್ ಡ್ರೈವ್? ವೈರಸ್. ವಾಟ್ಸಾಪ್? ‘ನಂಬರ್ ಕೊಟ್ರ ಜನ ದಿನಾ ಗುಡ್ ಮಾರ್ನಿಂಗ್ ಕಳಸ್ತಾರ್ರಿ.’ ಈ ಮಾತಿಗೆ ಮಾತ್ರ ನಾನೂ ತಲೆಯಾಡಿಸಿದೆ. ‘ಬ್ಲೂಟೂತ್‌ನ್ಯಾಗ ಬಿಡ್ರಿ ಸರ.’ ಅವರ ನೆತ್ತಿಯ ಮೇಲೇ ಬೋರ್ಡು: ಮೊಬೈಲ್ ಬಳಕೆ ನಿಷೇಧಿಸಿದೆ.

ಹುಡುಕಿದೆ. ಒಂದೇ ಕೋಣೆಯಲ್ಲಿ ಹದಿನಾರು ಹೆಸರು ಎದ್ದು ಕುಂತವು. ‘ಹುಬ್ಬಳ್ಳಿ ಹುಲಿ’, ‘ಮುಟ್ಟಿದ್ರ ನೋಡ್’, ಯಾರದೋ ಇಯರ್‌ಬಡ್ಸ್, ಒಂದಕ್ಕೆ ಬರೀ ಚುಕ್ಕೆ. ‘ನಿಮ್ದು ಯಾವುದ್ರಿ?’ ಅಂದೆ. ರಿಟೈರ್ ಆಗೋ ವಯಸ್ಸಿನ ಗುಮಾಸ್ತರು ನಾಚಿಕೊಂಡರು. ‘ಮಗಾ ಇಟ್ಟಾನ್ರಿ... ರೋಮಿಯೊ.’

ರೋಮಿಯೊ ಸಾಹೇಬರಿಗೆ ನನ್ನ ಆದಾಯ ಕಳಿಸಿದೆ. ಅವರು ಒಪ್ಪಿಗೆ ಒತ್ತಬೇಕು, ಅಷ್ಟರಲ್ಲಿ ಫೋನ್ ಬಂತು, ಮಾತಾಡ್ತಾ ಹೊರಗೆ ಹೋದರು. ಫೇಲ್ಡ್. ಮತ್ತೆ ಕಳಿಸಿದೆ. ಅರ್ಧಕ್ಕೆ ನಿಂತಿತು. ‘ಹತ್ರ ಹಿಡೀರಿ’ ಅಂತ ಎರಡೂ ಫೋನಿನ ತಲೆಗೆ ತಲೆ ತಾಗಿಸಿದರು, ಟಗರಿನ ಕಾಳಗದ ಹಾಗೆ. ಎದುರುಬದುರು ಹಿಡಿಯಬೇಕಾಗಿದ್ದು ಹಳೇ ಇನ್ಫ್ರಾರೆಡ್ ಕಾಲದಲ್ಲಿ. ಬ್ಲೂಟೂತಿಗೆ ಹತ್ತು ಮೀಟರ್ ದೂರವಿದ್ದರೂ ನಡೆಯುತ್ತೆ. ಹೇಳಲಿಲ್ಲ. ಕೆಲಸ ಆಗಬೇಕಲ್ವಾ?

ಅಂದಹಾಗೆ ಬ್ಲೂಟೂತ್ ಅನ್ನೋದು ಹತ್ತನೇ ಶತಮಾನದ ಡೆನ್ಮಾರ್ಕ್ ರಾಜ ಹೆರಾಲ್ಡನ ಅಡ್ಡಹೆಸರು. ಹಲ್ಲೊಂದು ನೀಲಿಗಟ್ಟಿತ್ತಂತೆ. ಡೆನ್ಮಾರ್ಕ್, ನಾರ್ವೆ ಎರಡನ್ನೂ ಒಂದು ಮಾಡಿದವನು ಅಂತ 1990ರ ದಶಕದಲ್ಲಿ ಈ ಜೋಡಿಸೋ ತಂತ್ರಕ್ಕೆ ಅವನ ಹೆಸರಿಟ್ಟರು. ಜೋಡಿಸೋದು ನಮಗೇನು ಹೊಸದಾ? ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಒಂದೇ ಪಾಲಿಕೆ ಅಂತ 1962ರಲ್ಲೇ ಪೇರ್ ಮಾಡಿದ್ದೆವು. ಅರವತ್ತು ವರ್ಷ ಚಕ್ರ ಗಿರ್ರನೆ ತಿರುಗಿತು, ಕನೆಕ್ಟಿಂಗ್, ಕನೆಕ್ಟಿಂಗ್. ಕೊನೆಗೆ 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಅಂತ ಸಚಿವ ಸಂಪುಟವೇ ಅನ್‌ಪೇರ್ ಒತ್ತಿತು. ನಮ್ಮ ಹುಬ್ಬಳ್ಳಿಯವರು ಧಾರವಾಡ ಪೇಢೆಯನ್ನಾದರೂ ನಮ್ಮಿಂದ ಅನ್‌ಪೇರ್ ಮಾಡಬೇಡಿ ಅಂತಾರೆ.

ನಗೋದು ಅಲ್ಲಿಗೆ ನಿಂತಿತು. ನನ್ನ ಹಿಂದೆ ಒಬ್ಬ ಅಜ್ಜಿ. ಕುಂದಗೋಳ ಕಡೆಯಿಂದ ಬಸ್ಸಿಗೆ ಬಂದವಳು. ಪಿಂಚಣಿ ನಿಂತಿದೆ. ಸೆರಗಿನ ಗಂಟಿನಲ್ಲಿ ಬಟನ್ ಫೋನು, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಆಕೆಗೂ ಅದೇ ಮಾತು, ಬ್ಲೂಟೂತ್‌ನ್ಯಾಗ ಬಿಡು ಅಂತ.

‘ಅದೆಲ್ಲಿ ಸಿಗ್ತೈತಿ ಯಪ್ಪಾ, ಜೆರಾಕ್ಸ್ ಅಂಗಡ್ಯಾಗನ?’

ಕಾಗದ ಕಣ್ಣ ಮುಂದೆ ಇದೆ. ಕೈ ಚಾಚಿದರೆ ಸಿಗುತ್ತೆ. ತಗೊಳ್ಳೋಕೆ ಏನ್ರೀ ಕಷ್ಟ ನಿಮಗೆ? ಆಕೆ ಇನ್ನೆಷ್ಟು ಸಲ ಬಸ್ ಹತ್ತಬೇಕು?

ಇಷ್ಟನ್ನೂ ನಾನು ಮನಸ್ಸಿನಲ್ಲೇ ಕೇಳಿದೆ. ನನ್ನ ಫೈಲು ಅಲ್ಲೇ ಇತ್ತಲ್ಲ.

ಐದನೇ ಸಲಕ್ಕೆ ‘ಬಂತ್ರಿ’ ಅಂದರು. ತಕ್ಷಣ ಪ್ರಿಂಟ್ ತೆಗೆದು, ಪಂಚ್ ಹೊಡೆದು, ದಾರ ಹಾಕಿ ಕಟ್ಟಿಟ್ಟರು. ಸೋಮವಾರ ಬರ್ರಿ.

ಮನೆಗೆ ಬಂದು ನೋಡಿದರೆ ನನ್ನ ಬ್ಲೂಟೂತ್ ಫೋಲ್ಡರಿನಲ್ಲಿ ಯಾರದೋ ಜಾತಿ ಪ್ರಮಾಣಪತ್ರ. ಗಡಿಬಿಡಿಯಲ್ಲಿ ಒಪ್ಪಿಗೆ ಒತ್ತಿಬಿಟ್ಟಿದ್ದೇನೆ. ಕಳಕೊಂಡವರು ಸೋಮವಾರ ಅದೇ ಕಿಟಕಿಗೆ ಬನ್ನಿ. ಹತ್ತು ಮೀಟರ್ ಒಳಗೇ ನಿಂತಿರ್ತೀನಿ.