ಸ್ನೇಹಿತರಿಗೆ ಮಾತ್ರ ಶೇ. 15

ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವಿನ ಬೇಲಿಯಲ್ಲಿ ಹಳೆಯ ಸಿಲ್ವರ್ ಓಕ್ ಮರವೊಂದಿದ್ದು, ಅದಕ್ಕೆ ಹಬ್ಬಿರುವ ಕರಿಮೆಣಸಿನ ಬಳ್ಳಿ ಯಾರಿಗೆ ಸೇರಿದ್ದೆಂಬ ಪ್ರಶ್ನೆಯನ್ನು ಎರಡೂ ಮನೆಯ ಹಿರಿಯರು ಎಂದೂ ಎತ್ತಿದವರಲ್ಲ. ಈ ಕಡೆಯದನ್ನು ನಾವು, ಆ ಕಡೆಯದನ್ನು ಅವರು, ಒಂದೇ ಬಿದಿರಿನ ಏಣಿಯನ್ನು ಸರದಿಯಂತೆ ಇಟ್ಟುಕೊಂಡು ಕೊಯ್ಯುತ್ತ ಬಂದಿದ್ದೇವೆ. ಏಣಿ ನಮ್ಮದು ಎಂಬುದನ್ನು ಇಲ್ಲಿ ದಾಖಲಿಸಿಡುತ್ತೇನೆ. ಹೀಗಿರುವಾಗ ಪಕ್ಕದ ತೋಟದ ಮಾವ, ಗೋಣಿಕೊಪ್ಪದ ಸಂತೆಯಲ್ಲಿ ಒಣಮೀನು ಕಟ್ಟಿಕೊಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಿಡಿದು, ನಾನು ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೊತ್ತಿಗೆ ಬಂದು, ಇನ್ನು ಮುಂದೆ ನಾವು ಬರೀ ನೆರೆಯವರಲ್ಲ, ಮಿತ್ರರಾಷ್ಟ್ರಗಳು ಎಂದು ಘೋಷಿಸಿದರು.

"ಒಳ್ಳೆಯದೇ ಆಯಿತಲ್ಲ ಮಾವ," ಎಂದೆ.

"ಒಳ್ಳೆಯದೇ. ಈ ಬಳ್ಳಿಯಿಂದ ನೀನು ಕೊಯ್ಯುವ ಮೆಣಸಿನಲ್ಲಿ ನೂರಕ್ಕೆ ಮೂವತ್ತು ನನಗೆ ಬರಬೇಕು ಅಂತ ಯೋಚಿಸಿದ್ದೆ. ನಿನ್ನ ಅಪ್ಪನ ಸ್ನೇಹ ನೆನೆದು ಹದಿನೈದಕ್ಕೆ ಇಳಿಸಿದ್ದೇನೆ."

ನಿನ್ನೆಯವರೆಗೆ ಸೊನ್ನೆಯಿದ್ದದ್ದು ಇಂದು ಹದಿನೈದಕ್ಕೆ ಇಳಿಯುವ ಈ ಗಣಿತ ಮಾವನ ಸ್ವಂತದ್ದಲ್ಲ, ಮೀನಿನ ವಾಸನೆಯ ಆ ಹಾಳೆಯದು. 2025ರ ಜುಲೈ 27ರಂದು ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ತಮ್ಮದೇ ಗಾಲ್ಫ್ ಮೈದಾನಕ್ಕೆ ಯುರೋಪಿಯನ್ ಒಕ್ಕೂಟದ ಆಯೋಗದ ಅಧ್ಯಕ್ಷೆ ಉರ್ಸುಲಾ ವಾನ್ ಡೆರ್ ಲೆಯೆನ್ ಅವರನ್ನು ಬರಮಾಡಿಕೊಂಡು, ಯುರೋಪಿನ ಸರಕುಗಳ ಮೇಲೆ ಶೇ. 30ರ ಆಮದು ಸುಂಕ ಹಾಕುವುದಾಗಿ ಹೆದರಿಸಿದ್ದನ್ನು ಶೇ. 15ಕ್ಕೆ ತಂದು ನಿಲ್ಲಿಸಿದರು. ಎಂಟು ದಶಕಗಳ ಮೈತ್ರಿಯ ಲಾಭವನ್ನು ಹೀಗೆ ಶೇಕಡಾವಾರು ಲೆಕ್ಕದಲ್ಲಿ ಪಡೆದ ನಿಯೋಗ ಹೆಬ್ಬೆರಳು ಎತ್ತಿ ಫೋಟೋ ತೆಗೆಸಿಕೊಂಡಿತು. ಮಾವನೂ ಹೆಬ್ಬೆರಳು ಎತ್ತಿದರು. ನನ್ನ ಕೈಯಲ್ಲಿ ಕಾಫಿ ಕೆದಕುವ ಹಲಗೆ ಇದ್ದುದರಿಂದ ನಾನು ಎತ್ತಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದಿಂದ 750 ಬಿಲಿಯನ್ ಡಾಲರಿನ ಇಂಧನ ಕೊಳ್ಳುವುದಾಗಿಯೂ, ಅಲ್ಲಿ 600 ಬಿಲಿಯನ್ ಡಾಲರ್ ಹೂಡುವುದಾಗಿಯೂ ಯುರೋಪು ಅಂದು ಮಾತು ಕೊಟ್ಟಿತ್ತಾದ್ದರಿಂದ, ನಾನು ಮೂರು ವರ್ಷ ಮಾವನಿಂದಲೇ ಸೌದೆ ಕೊಳ್ಳಬೇಕು ಮತ್ತು ಅವರ ಹೊಸ ಕಣಕ್ಕೆ ಸಿಮೆಂಟು ಹಾಕಿಸಬೇಕು ಎಂಬ ಎರಡು ಅಂಶಗಳು ಸೇರಿಕೊಂಡವು. ನಾನು ಹಿಂದೆಮುಂದೆ ನೋಡದೆ ಒಪ್ಪಿದೆ. ಏಕೆಂದರೆ ಇಂಧನ ಕೊಳ್ಳುವವರೂ ಹಣ ಹೂಡುವವರೂ ಖಾಸಗಿ ಕಂಪನಿಗಳೇ ಹೊರತು ಆಯೋಗವಲ್ಲ. ಅದೇ ಧೈರ್ಯದಲ್ಲಿ ನಾನು ಬೆಂಗಳೂರಿನಲ್ಲಿರುವ ತಮ್ಮನ ಹಣವನ್ನು ಅವನಿಗೆ ಫೋನೂ ಮಾಡದೆ ಸಿಮೆಂಟಿಗೆ ಮುಡಿಪಿಟ್ಟೆ.

ಇದೇ ಯುರೋಪು ನಮ್ಮ ಕಾಫಿಯ ದೊಡ್ಡ ಗಿರಾಕಿ. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದು ಬೆಳೆದ ಕಾಫಿ ತನಗೆ ಬೇಡವೆಂದು 2023ರಲ್ಲಿ ಕಾನೂನು ಮಾಡಿ, ತೋಟದ ಅಕ್ಷಾಂಶ ರೇಖಾಂಶ ಬೇಕೆಂದು ಹೇಳಿ, ಜಾರಿಯ ದಿನವನ್ನು ಮಾತ್ರ ತಾನೇ ಮುಂದೂಡುತ್ತ ಬಂದಿದೆ. ಮಾವ ಮತ್ತು ನಾನು ಹೋದ ವರ್ಷ ಒಂದೇ ಮೊಬೈಲು ಹಿಡಿದು, ನೆಟ್‌ವರ್ಕ್ ಸಿಗದ ಇಳಿಜಾರಿನಲ್ಲಿ ಜಿಗಣೆ ಕಚ್ಚಿಸಿಕೊಳ್ಳುತ್ತ ತೋಟದ ಮೂಲೆಮೂಲೆ ಸುತ್ತಿದ್ದೆವು. ಟರ್ನ್‌ಬೆರಿಯ ಮುಂದುವರಿಕೆಯಾಗಿ 2025ರ ಆಗಸ್ಟ್ 21ರಂದು ಹೊರಟ ಜಂಟಿ ಹೇಳಿಕೆಯಲ್ಲಿ, ಅಮೆರಿಕದ ಉತ್ಪಾದನೆಯಿಂದ ಜಗತ್ತಿನ ಕಾಡಿಗೆ ನಗಣ್ಯ ಅಪಾಯವೆಂದು ಒಪ್ಪಿ, ಈ ಕಾನೂನಿನ ಬಗ್ಗೆ ಅಲ್ಲಿನ ಉತ್ಪಾದಕರಿಗಿರುವ ಕಳವಳ ನಿವಾರಿಸಲು ಶ್ರಮಿಸುವುದಾಗಿ ಯುರೋಪು ಬರೆದುಕೊಟ್ಟಿತು. ನಮ್ಮ ಕಾಫಿ ಗಿಡಗಳು ಕಾಡುಮರದ ನೆರಳಿನಲ್ಲೇ ನಿಂತಿವೆ; ಹೆಬ್ಬೆರಳು ಎತ್ತುವ ಫೋಟೋದಲ್ಲಿ ನಾವು ಇರಲಿಲ್ಲ, ಅಷ್ಟೆ.

ಮಿತ್ರರ ನಡುವಿನ ಸುಂಕ ಒಮ್ಮೆ ಬಂದರೆ ಹೋಗುವುದಿಲ್ಲ ಎಂದು ನಾನು ಎಚ್ಚರಿಸಿದೆ. 1960ರ ದಶಕದಲ್ಲಿ ಯುರೋಪು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹೆಚ್ಚಿಸಿದ್ದಕ್ಕೆ ಪ್ರತಿಯಾಗಿ, ಅಮೆರಿಕವು ಹೊರಗಿನ ಲಘು ಟ್ರಕ್ಕುಗಳ ಮೇಲೆ ಶೇ. 25 ಹೇರಿತು. ಜಗಳವಾಡಿದ ಕೋಳಿಗಳೆಲ್ಲ ಸಾರಾಗಿ ಹೋದವು, ಟ್ರಕ್ಕಿನ ಸುಂಕ ಮಾತ್ರ ಆರು ದಶಕ ಬಾಳಿತು. ನಮ್ಮ ಕೋಳಿ ಅವರ ಅಂಗಳಕ್ಕೆ ಹೋದರೆ ನಮ್ಮ ಪಿಕಪ್ ಜೀಪಿಗೆ ತೊಂದರೆಯಾದೀತೇ ಎಂದು ಕೇಳಿದಾಗ ಮಾವ ಗಂಭೀರವಾಗಿ, ಅದನ್ನೂ ಬರೆದುಕೊಳ್ಳೋಣ ಎಂದರು.

ಹೀಗೆ ಬರೆದುಕೊಂಡ ನಮ್ಮ ಜಂಟಿ ಹೇಳಿಕೆಗೆ ಇಬ್ಬರೂ ಸಹಿ ಹಾಕಿದೆವು. ಮಾವ ತಮ್ಮ ಗೇಟು ಮುಟ್ಟುವ ಮೊದಲೇ ಫೋನ್ ಮಾಡಿ ಒಪ್ಪಿಗೆ ಹಿಂತೆಗೆದುಕೊಂಡರು. ಇದಕ್ಕೂ ಪೂರ್ವನಿದರ್ಶನವಿದೆ: 2018ರಲ್ಲಿ ಕೆನಡಾದ ಶಾರ್ಲವಾದಲ್ಲಿ, ಏಳು ಶ್ರೀಮಂತ ರಾಷ್ಟ್ರಗಳ ಕೂಟವಾದ ಜಿ-7ರ ನಾಯಕರು ಒಪ್ಪಿದ ಜಂಟಿ ಹೇಳಿಕೆಯನ್ನು, ಟ್ರಂಪ್ ಅವರು ಅಲ್ಲಿಂದ ವಿಮಾನ ಹತ್ತಿ ಹೊರಟ ಮೇಲೆ ಟ್ವೀಟ್ ಮಾಡಿ ಕೈಬಿಟ್ಟಿದ್ದರು.

ಸಂಜೆ ಮಾವ ಮತ್ತೆ ಬಂದರು, ಈ ಬಾರಿ ಪತ್ರಿಕೆಯಿಲ್ಲದೆ ಬಾಟಲಿಯೊಂದಿಗೆ. ಹಾನ್ಸ್ ಎಂಬ ಬೋಳುಬಂಡೆಯ ದ್ವೀಪಕ್ಕಾಗಿ ಕೆನಡಾ ಮತ್ತು ಡೆನ್ಮಾರ್ಕ್ 1984ರಿಂದ ಸರದಿಯಂತೆ ಬಾವುಟ ನೆಟ್ಟು, ಎದುರಾಳಿಗೆಂದು ಮದ್ಯದ ಬಾಟಲಿ ಇಟ್ಟುಬರುತ್ತಿದ್ದು, ಕೊನೆಗೆ 2022ರಲ್ಲಿ ದ್ವೀಪವನ್ನು ಹಂಚಿಕೊಂಡ ಕಥೆಯನ್ನು ಹೇಳಿದೆ. ಇಡೀ ದಿನದಲ್ಲಿ ಮಾವನಿಗೆ ಪೂರ್ತಿ ಅರ್ಥವಾದ ರಾಜತಾಂತ್ರಿಕತೆ ಇದೊಂದೇ. ಮೂವತ್ತೂ ಹೋಯಿತು, ಹದಿನೈದೂ ಹೋಯಿತು. ಬಳ್ಳಿಯ ವಿಚಾರದಲ್ಲಿ ಯಥಾಸ್ಥಿತಿ ಮುಂದುವರಿಯಲಿದೆ. ಸರದಿ ಮುಗಿದು ತಿಂಗಳಾದರೂ ಏಣಿ ಅವರ ಕೊಟ್ಟಿಗೆಯಲ್ಲೇ ಇದ್ದು, ಅದರ ಕುರಿತು ಮುಂದಿನ ಪುತ್ತರಿಯ ಹೊತ್ತಿಗೆ ಮಾತುಕತೆ ನಡೆಸಲು ಉಭಯ ಪಕ್ಷಗಳು ತಾತ್ವಿಕವಾಗಿ ಸಮ್ಮತಿಸಿವೆ.